ಎರಡನೇ ಹಿಂಡಿಕೆ

ಹಳ್ಳದ ದಂಡೆಯ ಮೇಲೆ ಜಕ್ಕಪ್ಪಜ್ಜನ ದ್ರಾಕ್ಷಿ ತೋಟ. ಬೆಳೆದ ಹಣ್ಣನ್ನು ಅಜ್ಜ ತಾವೇ ಹಿಂಡಿ ವೈನ್ ಮಾಡುತ್ತಿದ್ದರು. ಕಲಿಯಲು ಬಂದವರಿಗೆ ಇಲ್ಲ ಎನ್ನುತ್ತಿರಲಿಲ್ಲ. ಮಾತು ಮಾತ್ರ ಕಡಿಮೆ.

ಸುಭದ್ರಾ ಅವರ ಬಳಿ ಬಂದು ಮೂರು ವರ್ಷವಾಗಿತ್ತು. ಮೊದಲು ವಿಜಯಪುರದ ಹೋಟೆಲೊಂದರಲ್ಲಿ ಅತಿಥಿಗಳನ್ನು ನೋಡಿಕೊಳ್ಳುತ್ತಿದ್ದವಳು. ಈಗ ಬಳ್ಳಿ ಸವರುವುದರಿಂದ ಹಿಡಿದು ಹಣ್ಣು ಹಿಂಡುವವರೆಗೆ ಎಲ್ಲ ಕಲಿತಿದ್ದಳು.

ಆ ಸುಗ್ಗಿಯಲ್ಲಿ, ತೋಟ ನೋಡಲು ಹೊರಗಿನವರನ್ನು ಕರೆಯಲೇ ಎಂದು ಕೇಳಿದಳು. ಅಜ್ಜ ಆಗಲೆಂದು ತಲೆಯಾಡಿಸಿದರು.

ಪ್ರತಿ ಭಾನುವಾರ ಒಂದು ಬಸ್ ಬರತೊಡಗಿತು. ಬಂದವರು ಗಟ್ಟಿ ವೈನ್ ಕುಡಿದು, ಚಪ್ಪರದ ಕೆಳಗೆ ಫೋಟೊ ತೆಗೆಸಿಕೊಂಡು ಹೋಗುತ್ತಿದ್ದರು. ತೋಟದ ಹಣ್ಣು ಸಾಲದೆ ಸುಭದ್ರಾ ಅಕ್ಕಪಕ್ಕದ ತೋಟಗಳಿಂದಲೂ ತರಿಸಿ ಹಿಂಡಿಸಿದಳು. ರಸ ತೆಗೆದ ಮೇಲೆ ಉಳಿಯುವ ಸಿಪ್ಪೆ, ಬೀಜದ ಹಿಪ್ಪೆ ರಾಶಿ ಬಿತ್ತು. ಗೊಬ್ಬರದ ಗುಂಡಿ ತುಂಬಿತ್ತು. ಹಳ್ಳದ ಅಂಚಿಗೆ ಸುರಿಯಲು ಆಳುಗಳಿಗೆ ಹೇಳಿಬಿಟ್ಟಳು.

ತಿಂಗಳು ಕಳೆದ ಮೇಲೆ ವಾರಕ್ಕೆ ಎರಡು ಬಸ್ ತರಿಸುತ್ತೇನೆ, ದಂಡೆಯ ಮೇಲೆ ನಾಲ್ಕು ಕೋಣೆ ಕಟ್ಟಿಸೋಣ ಎಂದಳು.

ಅಜ್ಜ ಒಂದು ಕೊಡ ತಂದು ಅವಳ ಕೈಗಿಟ್ಟರು. ಹಳ್ಳದ ಕೆಳಗಿನ ಊರಿನ ಹೆಂಗಸರು ನೀರು ತುಂಬುವ ಜಾಗದಿಂದ ಒಂದು ಕೊಡ ನೀರು ತರಲು ಹೇಳಿದರು.

ಸುಭದ್ರಾ ಹೋದಾಗ ಬಾಳವ್ವ ಎಂಬ ಹೆಂಗಸು ಏಳೆಂಟು ಮಂದಿಯೊಂದಿಗೆ ತೋಟದ ದಾರಿಗೆ ಅಡ್ಡವಾಗಿ ಕುಳಿತಿದ್ದಳು.

"ಇವತ್ತಿನಿಂದ ನಿಮ್ಮ ಬಸ್ ಈ ದಾರಿ ದಾಟಂಗಿಲ್ರೀ" ಎಂದಳು ಬಾಳವ್ವ. ದನಿ ಏರಿಸಲಿಲ್ಲ.

ಯಾಕೆಂದು ಕೇಳಬೇಕಾಗಲಿಲ್ಲ. ಪಕ್ಕದಲ್ಲೇ ಹಳ್ಳದ ನೀರು ಕಪ್ಪಗಿತ್ತು. ಹುಳಿ ನಾತ ಹೊಡೆಯುತ್ತಿತ್ತು. ದಡದಲ್ಲಿ ಸಣ್ಣ ಮೀನುಗಳು ಹೊಟ್ಟೆ ಮೇಲಾಗಿ ಬಿದ್ದಿದ್ದವು.

ಅವಳು ಕೊಡ ತುಂಬಿ ತಂದಳು. ಅಜ್ಜ ಅದರಿಂದ ಒಂದು ಲೋಟ ಬಗ್ಗಿಸಿ ಅವಳ ಮುಂದಿಟ್ಟರು.

"ಕುಡಿ ತಂಗಿ. ಇದೂ ನಮ್ಮ ತೋಟದ್ದ."

ಅವಳು ಲೋಟ ಮುಟ್ಟಲಿಲ್ಲ.

ಅಂದೇ ಬಸ್ ನಿಲ್ಲಿಸಿದಳು. ಆಳುಗಳ ಜೊತೆ ತಾನೂ ಹಳ್ಳಕ್ಕಿಳಿದು ನಾಲ್ಕು ದಿನ ಬುಟ್ಟಿಯಲ್ಲಿ ಹಿಪ್ಪೆ ಹೊತ್ತಳು. ಕೆಳಗಿನ ಊರಿನ ಮನೆಮನೆಗೆ ಹೋಗಿ ತಪ್ಪು ತನ್ನದೆಂದು ಹೇಳಿದಳು. ಹಳ್ಳ ತಿಳಿಯಾಗುವವರೆಗೆ ತೋಟದ ಬೋರ್‌ವೆಲ್ಲಿನ ನೀರನ್ನು ಟ್ಯಾಂಕರಿನಲ್ಲಿ ಕಳಿಸಲು ಏರ್ಪಾಟು ಮಾಡಿದಳು.

ಐದನೇ ದಿನ ಬಟ್ಟೆಯ ಗಂಟು ಕಟ್ಟಿಕೊಂಡು ಬಂದು, ಈ ವಿದ್ಯೆ ತನಗೆ ಒಗ್ಗುವುದಿಲ್ಲ, ಊರಿಗೆ ಹೋಗುತ್ತೇನೆ ಎಂದಳು.

ಅಜ್ಜ ಆಗಷ್ಟೇ ಹಣ್ಣು ಹಿಂಡಿ ಮುಗಿಸಿದ್ದರು. ಹಸಿ ಹಿಪ್ಪೆಯನ್ನು ದೊಡ್ಡ ಮಣ್ಣಿನ ಗಡಿಗೆಗೆ ತುಂಬಿ, ಮುಳುಗುವಷ್ಟು ನೀರು ಹೊಯ್ದು, ಬಾಯಿಗೆ ಬಟ್ಟೆ ಕಟ್ಟಿದರು. ಮೂರನೇ ದಿನ ಇದನ್ನು ಬಿಚ್ಚಲು ಒಬ್ಬರು ಬೇಕು, ಆಮೇಲೆ ಹೋಗುವೆಯಂತೆ ಎಂದರು.

ಮೂರನೇ ದಿನ ಇಬ್ಬರೂ ಸೇರಿ ಹಿಪ್ಪೆಯನ್ನು ಮತ್ತೆ ಹಿಂಡಿದರು. ತಿಳಿಗುಲಾಬಿ ಬಣ್ಣದ ನೀರು ಬಂತು. ಇನ್ನೊಂದು ವಾರ ಹುಳಿಯಲು ಬಿಟ್ಟರು. ಸುಭದ್ರಾ ಊರಿಗೆ ಹೋಗುವ ಮಾತೆತ್ತಲಿಲ್ಲ.

ವಾರದ ಮೇಲೆ ರುಚಿ ನೋಡಿದಳು. ತುಸು ಹುಳಿ, ತುಸು ಒಗರು, ನಾಲಿಗೆಯ ಮೇಲೆ ಸಣ್ಣ ಚುರುಚುರು. ಅಮಲು ಇದ್ದೂ ಇಲ್ಲದಷ್ಟು. ತಮ್ಮ ತಾಯಿ ಇದನ್ನು ಮಾಡಿ ಮಧ್ಯಾಹ್ನದ ಹೊತ್ತು ತೋಟದ ಆಳುಗಳಿಗೆ ಕೊಡುತ್ತಿದ್ದಳು, ಹಿಪ್ಪೆನೀರು ಅನ್ನುತ್ತಿದ್ದರು ಎಂದು ಅಜ್ಜ ಹೇಳಿದರು.

ಸುಭದ್ರಾ ತಾನೇ ಮಾಡಲು ಕುಳಿತಳು. ಮೊದಲ ಸಲ ಹಿಪ್ಪೆಯನ್ನು ಒಂದು ದಿನ ಬಿಸಿಲಿಗೆ ಬಿಟ್ಟಿದ್ದರಿಂದ ಎಲ್ಲ ವಿನೆಗರ್ ಆಯಿತು. ಎರಡನೇ ಸಲ ನೀರು ಹೆಚ್ಚಾಗಿ ಸಪ್ಪೆ. ಮೂರನೆಯದನ್ನು ಅಜ್ಜ ಒಂದು ಲೋಟ ಕುಡಿದು, ಇನ್ನೊಂದಕ್ಕೆ ಕೈ ಚಾಚಿದರು.

ಅದರಲ್ಲಿ ಒಂದು ಗಡಿಗೆಯನ್ನು ಅವಳು ಕೆಳಗಿನ ಊರಿಗೆ ಒಯ್ದಳು. ಬಾಳವ್ವ ಕುಡಿದು ಸೆರಗಿನಿಂದ ಬಾಯಿ ಒರೆಸಿಕೊಂಡಳು. ಇದನ್ನು ಕುಡಿದು ಕೆಲಸಕ್ಕೂ ಹೋಗಬಹುದು ಎಂದಳು. ಆಮೇಲೆ ದಾರಿ ಬಿಡುವ ಮಾತಾಯಿತು. ದಿನಕ್ಕೆ ಹನ್ನೆರಡು ಮಂದಿಗಿಂತ ಹೆಚ್ಚು ಬರಬಾರದು, ಊರಿನಿಂದ ತೋಟಕ್ಕೆ ನಡೆದೇ ಹೋಗಬೇಕು. ಸುಭದ್ರಾ ಒಪ್ಪಿಕೊಂಡಳು.

ಮುಂದಿನ ಸುಗ್ಗಿಗೆ ಹಳ್ಳ ತಿಳಿಯಾಗಿತ್ತು. ಬಂದವರು ಊರ ಮನೆಗಳಲ್ಲಿ ರೊಟ್ಟಿ ಉಂಡು, ನಡೆದು ಬಂದು, ಗೊಂಚಲು ಕೊಯ್ಯಲು ಕೈಹಾಕಿ, ನೆರಳಲ್ಲಿ ಕುಳಿತು ಹಿಪ್ಪೆನೀರು ಕುಡಿಯುತ್ತಿದ್ದರು. ಹೊತ್ತು ಇಳಿದರೂ ಏಳುತ್ತಿರಲಿಲ್ಲ. ಬಳ್ಳಿಗಳ ಹೆಸರು ಕೇಳುತ್ತಿದ್ದರು, ಊರಿನವರ ಹೆಸರೂ ಕೇಳುತ್ತಿದ್ದರು.

ಒಂದು ಬೆಳಿಗ್ಗೆ ಬಾಳವ್ವ ಇಬ್ಬರು ಹೆಂಗಸರನ್ನು ಕರೆದುಕೊಂಡು ಬಂದಳು. ಹಿಪ್ಪೆನೀರು ಮಾಡುವುದನ್ನು ತಮಗೂ ಕಲಿಸಬೇಕು, ಬಂದವರನ್ನು ತಮ್ಮ ಮನೆಯಲ್ಲೂ ಒಂದೆರಡು ದಿನ ಇರಿಸಿಕೊಳ್ಳುತ್ತೇವೆ ಎಂದಳು.

ನಾಳೆ ಹೇಳುತ್ತೇನೆ ಎಂದು ಅವರನ್ನು ಕಳಿಸಿದ ಸುಭದ್ರಾ ಅಜ್ಜನನ್ನು ಹುಡುಕಿಕೊಂಡು ಹೋದಳು. ಅವರು ಎರಡು ಸಲ ಹಿಂಡಿದ ಹಿಪ್ಪೆಯನ್ನು ಬಳ್ಳಿಗಳ ಬುಡಕ್ಕೆ ಹಾಕುತ್ತಿದ್ದರು.

"ಅಜ್ಜಾರ, ಇದನ್ನ ಕಲಿಯಾಕ ನಾ ಒಂದು ಸುಗ್ಗಿ ಕಳದೀನಿ. ಎಲ್ಲಾ ಅವರಿಗೆ ಕೊಟ್ಟರ ನನಗ ಏನ ಉಳೀತೈತಿ?"

ಅಜ್ಜ ಕೈಗಂಟಿದ ಹಿಪ್ಪೆ ಒರೆಸಿಕೊಳ್ಳುತ್ತ ನಕ್ಕರು.

"ಹಿಂಡಿದ ಹಣ್ಣು ಇನ್ನೊಮ್ಮೆ ಕೊಡತೈತಿ. ನಿನ್ನ ಇನ್ನೂ ಯಾರೂ ಒಮ್ಮೆನೂ ಹಿಂಡಿಲ್ಲಲ್ಲ, ತಂಗಿ."