ಬೋರಿ ಕೋಳಿ ಗಿಡ್ಡಿಯಾಗಿಯೇ ಉಳಿದದ್ದು

ಭೂಮಿಯ ಮೇಲಿನ ಮಣ್ಣು ಇನ್ನೂ ಹಸಿಹಸಿಯಾಗಿದ್ದ ಕಾಲ ಅದು, ಮಗಾ. ಆಗ ಕೋಳಿಗಳು ಮೊಟ್ಟೆಯಿಂದ ಬಂದಷ್ಟೇ ಗಾತ್ರ ಇರುತ್ತಿದ್ದವು. ಬೆಳೆಯುತ್ತಲೇ ಇರಲಿಲ್ಲ.

ಕೆಂಪಿ, ಬೋರಿ ಎಂಬ ಅಕ್ಕತಂಗಿ ಕೋಳಿಗಳೂ ಹಾಗೇ ಇದ್ದರು. ಗಾಳಿ ಬಂತೆಂದರೆ ಸಾಕು, ಇಬ್ಬರೂ ಉರುಳಿ ಉರುಳಿ ಮುಳ್ಳುಪೊದೆಗೆ ಬೀಳುತ್ತಿದ್ದರು.

"ತಪ್ಪಾಯ್ತು ಕಣ್ರಮ್ಮ, ಮೆಲ್ಲಗೇ ಬೀಸಿದೆ," ಎನ್ನುತ್ತಿತ್ತು ಗಾಳಿ.

ಮುಳ್ಳು ಕಿತ್ತು ಕಿತ್ತು ಸಾಕಾಗಿ ಕೆಂಪಿ ಭೂಮಿತಾಯಿಯ ಬಳಿ ಹೋದಳು. ಭೂಮಿತಾಯಿ ಅವಳ ತಲೆಗೆ ಕಿವಿಗೊಟ್ಟು ಕೇಳಿದಳು.

"ನಿನ್ನ ತಲೆಯೊಳಗೆ ಕೂಗೋನೊಬ್ಬ ಕೂತಿದ್ದಾನೆ. ಅವನು 'ಬೆಳೀರಪ್ಪೋ, ಬೆಳೀರಿ!' ಅಂತ ಚೆನ್ನಾಗೇ ಕೂಗ್ತಿದ್ದಾನೆ. ನೆತ್ತರು ಆ ಕೂಗನ್ನ ಮೈಯೆಲ್ಲ ಹೊತ್ತು ತಿರುಗ್ತಿದೆ. ಆದರೆ ನಿನ್ನ ಮೂಳೆಯ ಜೀವಕಣಗಳಿಗೆ ಕಿವಿಯೇ ಇಲ್ಲವಲ್ಲೇ!"

ಅವಳು ಹಸಿಮಣ್ಣು ಚಿವುಟಿ ಎಳ್ಳಿಗಿಂತ ಸಣ್ಣ ಕಿವಿಗಳನ್ನು ಮಾಡಿದಳು. ಆ ಒಂದು ಕೂಗು ಬಿಟ್ಟರೆ ಬೇರೇನೂ ಕೇಳಿಸದ ಕಿವಿಗಳು.

"ಅಕ್ಕತಂಗಿ ಇಬ್ಬರೂ ಮೈಗೆ ಸವರಿಕೊಳ್ಳಿ. ಒಳಗಿಳಿದು ಕಣಕಣಕ್ಕೂ ಅಂಟಿಕೊಳ್ತವೆ."

ಕೆಂಪಿ ಸವರಿಕೊಂಡಳು. ತಂಗಿಯ ಪಾಲನ್ನು ಎಲೆಯ ಮೇಲೆ ತಂದಿಟ್ಟಳು. ಮಣ್ಣಲ್ಲಿ ಹೊರಳಾಡುತ್ತಿದ್ದ ಬೋರಿ ಒಂದು ಕಣ್ಣು ತೆರೆದಳು.

"ಎಳ್ಳಾ?" ಎಂದವಳೇ ಕುಕ್ಕಿ ಕುಕ್ಕಿ ಎಲೆಯನ್ನು ಖಾಲಿ ಮಾಡಿದಳು.

"ಅಯ್ಯೋ, ಅದು ಕಿವಿ ಕಣೇ!"

"ಹೌದಾ? ಉಪ್ಪು ಕಮ್ಮಿಯಿತ್ತು."

ಕೆಂಪಿ ಬೆಳೆದಳು. ಕಾಲು ಉದ್ದವಾಯಿತು, ಕತ್ತು ಉದ್ದವಾಯಿತು. ಬೋರಿ ಮಾತ್ರ ಹಾಗೇ ಉಳಿದಳು.

"ಗಟ್ಟಿಯಾಗಿ ಕೂಗೋ!" ಎಂದು ತನ್ನ ತಲೆಯೊಳಗಿನವನನ್ನು ಗದರಿಸಿದಳು. ಪಾಪ, ಅವನು ಗಂಟಲು ಕಟ್ಟುವ ತನಕ ಕೂಗಿದ. ಮೂಳೆಗಳು "ಆಂ?" ಎಂದು ಕೂಡ ಕೇಳಲಿಲ್ಲ. ಎರಡು ಪಟ್ಟು ಕಾಳು ತಿಂದಳು. ಹೊಟ್ಟೆಯಷ್ಟೇ ದಪ್ಪವಾಯಿತು. ಕೊಂಬೆಗೆ ಜೋತುಬಿದ್ದು ನೋಡಿದಳು. ಕೊಂಬೆ ಉದ್ದವಾಯಿತು!

ಕೊನೆಗೆ ಭೂಮಿತಾಯಿಯ ಬಳಿ ಓಡಿದಳು.

"ತಡವಾಯ್ತು ಮಗಳೇ. ಮಣ್ಣು ಒಣಗಿಹೋಯ್ತು, ಇನ್ನು ಕಿವಿ ನಿಲ್ಲಲ್ಲ. ಎಷ್ಟು ಕೂಗಿದರೇನು, ಕೇಳೋರು ಬೇಕಲ್ಲ."

ಬೋರಿ ಬಿಕ್ಕಿ ಬಿಕ್ಕಿ ಅತ್ತಳು. ಯಾರಿಗೂ ಮುಖ ತೋರಿಸಬಾರದೆಂದು ಬೇಲಿಯ ಕೆಳಗೆ ನುಸುಳಿದಳು. ನೋಡಿದರೆ, ಆಚೆ ರಾಗಿ ಚೆಲ್ಲಿತ್ತು! ಹಿಂದೆಯೇ ಬಂದ ಕೆಂಪಿಯ ಕತ್ತು ಮಾತ್ರ ಬೇಲಿಯೊಳಗೆ ತೂರಿತು, ಮೈ ಹೊರಗೇ ಸಿಕ್ಕಿಕೊಂಡಿತು.

"ಬೋರೀ, ನನಗೂ ನಾಲ್ಕು ಕಾಳು ತಾರೇ!"

"ಏನೂ ಕೇಳಿಸ್ತಿಲ್ಲ ಅಕ್ಕಾ," ಎಂದಳು ಬೋರಿ, ಬಾಯಿ ತುಂಬ ರಾಗಿ ತುಂಬಿಕೊಂಡು. ಆಮೇಲೆ ಕಾಲಿಂದ ಕೆದರಿ ಅಕ್ಕನ ಕಡೆಗೂ ಒಂದಿಷ್ಟು ಎರಚಿದಳು.

ಕೆಂಪಿಯ ಮಕ್ಕಳು ಮೊಮ್ಮಕ್ಕಳು ಆ ಕಿವಿಗಳ ಜೊತೆಗೇ ಹುಟ್ಟಿದರು. ಬೋರಿಯ ವಂಶದ ಕೆಲವರಿಗೆ ಮಾತ್ರ ಈಗಲೂ ಅವಿಲ್ಲ. ಅದಕ್ಕೇ ನೋಡು ಮಗಾ, ಒಂದೇ ಥರದ ಕಾಳು ತಿಂದು ಬೆಳೆದ ಕೋಳಿಗಳ ನಡುವೆ ಒಂದೊಂದು ಮಾತ್ರ ಗಿಡ್ಡ ಕಾಲಲ್ಲಿ ತುರುತುರು ಓಡಾಡುತ್ತಿರುತ್ತದೆ.