ಎಲ್ಮ್‌ಕೋಟಿನ ಕೆಂಪು ಹಸು

ಥಾರ್ನ್‌ಬರಿ ಮನೆತನ ಇಂದು ನಿನ್ನೆಯದಲ್ಲ. ಆರುನೂರು ವರ್ಷಗಳ ಹಿಂದೆಯೇ ಇಂಗ್ಲೆಂಡಿನ ಎಲ್ಮ್‌ಕೋಟ್ ಎಂಬ ಜಹಗೀರಿನಲ್ಲಿ ಆ ಹೆಸರು ಕೇಳಿದರೆ ಜನ ಎದ್ದು ನಿಲ್ಲುತ್ತಿದ್ದರು. ತಲೆಮಾರಿನಿಂದ ತಲೆಮಾರಿಗೆ ಆ ಮನೆಯವರೇ ಅಲ್ಲಿ ಪಾರುಪತ್ತೇಗಾರರು. ಅವರಲ್ಲಿ ಸುಳ್ಳು ಬರೆದವರಿಲ್ಲ, ಕೆಲಸ ತಪ್ಪಿಸಿದವರಿಲ್ಲ, ಚರ್ಚಿನಲ್ಲಿ ಹಿಂದಿನ ಸಾಲಿನಲ್ಲಿ ಕುಳಿತವರಿಲ್ಲ.

ಆ ಮನೆತನದ ಕೊನೆಯ ಕುಡಿ ಹಿಲ್ಡಾ ಥಾರ್ನ್‌ಬರಿ. ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ. ಈಗ ಕಾವೇರಿ ದಡದ ಆಶ್ರಮವೊಂದರಲ್ಲಿ ಶಿಷ್ಯೆ. ಅಲ್ಲಿಯವರಿಗೆ ಹಿಲ್ಡಮ್ಮ.

ಆಶ್ರಮಕ್ಕೆ ಬರುವಾಗ ಅವಳು ಎಲ್ಲವನ್ನೂ ಬಿಟ್ಟು ಬಂದಿದ್ದಳು. ಬಿಡದೆ ತಂದದ್ದು ಒಂದೇ: ಎಲ್ಮ್‌ಕೋಟಿನ ನ್ಯಾಯಸಭೆಯ ಹಳೆಯ ದಾಖಲೆಗಳ ನಕಲು. ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಲ್ಯಾಟಿನ್‌ನಿಂದ ಅದನ್ನು ತಾನೇ ಬಿಡಿಸಿ ಓದಿ, ತನ್ನ ಹಿರಿಯರನ್ನು ಒಬ್ಬೊಬ್ಬರಾಗಿ ಹುಡುಕಿ ತೆಗೆದಿದ್ದಳು.

ಒಂದು ಬೆಳಗ್ಗೆ ಅವಳು ಗುರುಗಳ ಮುಂದೆ ಬಂದು ನಿಂತಳು. ಗುರುಗಳು ಒಂದು ಹಳೆಯ ಕಣ್ಣಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಹಸುವಿನ ಕೊರಳಿಗೆ ಕಟ್ಟುವ ಹಗ್ಗ ಗುರುಪೀಠದ ಮೇಲೇಕೆ ಎಂದು ಅವಳಿಗೆ ಇರಿಸುಮುರಿಸಾಯಿತು.

"ಪುಟ್ಟನಿಂಗಮ್ಮ ನನ್ನ ಕ್ಷಮೆ ಕೇಳಬೇಕು, ಗುರುಗಳೇ."

"ಏನಂದಳು?"

ಹಿಲ್ಡಮ್ಮ ಹೇಳಿದಳು. ಹೊಳೆಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಹೆಂಗಸರೆಲ್ಲ ಇದ್ದರಂತೆ. ಅವರ ಮುಂದೆ ಪುಟ್ಟನಿಂಗಮ್ಮ ಅಂದ ಮಾತು ಇದು: "ಇವಳದು ದನ ಹಿಡಿಯೋ ವಂಶ ಕಣ್ರೇ. ದೊಡ್ಡಿಗೆ ಹೋದ ದನ ಆದ್ರೂ ದಂಡ ಕಟ್ಟಿದ್ರೆ ತಿರುಗಿ ಬರ್ತದೆ, ಇವಳ ಕೈಗೆ ಸಿಕ್ಕಿದ್ದು ಬರಲ್ಲ." ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕಿದ್ದರು.

ಪುಟ್ಟನಿಂಗಮ್ಮನ ಗಂಡ ಆಶ್ರಮದ ಹರಿಗೋಲು ನಡೆಸುತ್ತಿದ್ದವನು. ಸಾಕಿಕೊಳ್ಳಲು ಆಶ್ರಮ ಅವನಿಗೊಂದು ಹಸು ಕೊಟ್ಟಿತ್ತು. ಹೊಸ ನೀರು ಬಂದಾಗ ಅವನು ಹೊಳೆಯ ಪಾಲಾದ. ಸೇವೆ ನಿಂತರೆ ಹಸು ಆಶ್ರಮಕ್ಕೆ ಮರಳಬೇಕೆಂಬುದು ನಿಯಮ. ಕೊಟ್ಟಿಗೆಯ ಉಸ್ತುವಾರಿ ಹಿಲ್ಡಮ್ಮನದು. ಸೂತಕ ಕಳೆಯುವ ಮೊದಲೇ ಹಸುವನ್ನು ಹೊಡೆಸಿಕೊಂಡು ಬಂದಿದ್ದಳು.

"ಹಸು ಈಗೆಲ್ಲಿ?" ಗುರುಗಳು ಕೇಳಿದರು.

"ಯಾರನ್ನೂ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಸಂತೆಯಲ್ಲಿ ಮಾರಿಸಿದೆ."

"ನಿಮಗೆ ನೋವಾದದ್ದು ಹಸುವಿನ ಮಾತಿಗೋ, ವಂಶದ ಮಾತಿಗೋ?"

"ವಂಶದ ಮಾತಿಗೆ."

"ಹಾಗಾದರೆ ವಂಶವನ್ನೇ ಕೇಳೋಣ. ತನ್ನಿ, ಓದಿ ತಾಯಿ."

ಹಿಲ್ಡಮ್ಮ ದಾಖಲೆಗಳನ್ನು ತಂದಳು. ಬೆನ್ನು ನೆಟ್ಟಗೆ ಮಾಡಿ ಕುಳಿತು, ತನಗೆ ಬಲು ಮೆಚ್ಚಿನ ಪುಟವನ್ನೇ ತೆರೆದು ಕನ್ನಡದಲ್ಲಿ ಓದಿದಳು.

"ಗೇಣಿದಾರ ಆಡಮ್ ಸತ್ತ. ವಾಡಿಕೆಯಂತೆ ಅವನ ಮನೆಯ ಅತ್ಯುತ್ತಮ ಜಾನುವಾರು ಜಹಗೀರುದಾರರಿಗೆ. ಒಂದು ಕೆಂಪು ಹಸು. ಪಾರುಪತ್ತೇಗಾರ ವಾಲ್ಟರ್ ಥಾರ್ನ್‌ಬರಿ ವಶಕ್ಕೆ ತೆಗೆದುಕೊಂಡ." ತಲೆ ಎತ್ತಿ ಹೇಳಿದಳು: "ನಮ್ಮ ಮೂಲಪುರುಷ. ಅವನ ಹೆಸರು ಮೊದಲು ಸಿಗುವುದೇ ಇಲ್ಲಿ."

"ಆಡಮನಿಗೆ ಹೆಂಡತಿ ಇದ್ದಳೇ?"

ಅವಳು ಪುಟ ತಿರುವಿದಳು. "ಆಡಮನ ವಿಧವೆ ಆಲಿಸ್ ಜಹಗೀರುದಾರರ ಕಾಡಿನಲ್ಲಿ ಸೌದೆ ಆರಿಸಿದಳು. ದಂಡ."

"ಆಮೇಲೆ?"

"ಆಲಿಸ್ ಸಭೆಗೆ ಬರಲಿಲ್ಲ. ದಂಡ. ಮನೆಯಲ್ಲಿ ವಸೂಲಿಗೆ ಏನೂ ಸಿಗಲಿಲ್ಲ."

"ಆಮೇಲೆ?"

ಹಿಲ್ಡಮ್ಮ ಇನ್ನೊಂದು ಪುಟ ತಿರುವಿದಳು. ಮತ್ತೊಂದು. ವಾಲ್ಟರನ ಹೆಸರು ಪ್ರತಿ ಪುಟದಲ್ಲೂ ಇತ್ತು. ಆಲಿಸಳನ್ನು ಹುಡುಕುತ್ತ ಈ ಪುಟಗಳನ್ನು ಅವಳು ಹಿಂದೆಂದೂ ತಿರುವಿರಲಿಲ್ಲ.

"ಮುಂದೆ ಅವಳ ಹೆಸರಿಲ್ಲ."

"ಹಸು ಹೋದಾಗ ಏನಾದರೂ ಅಂದಳೇ?"

"ಬರೆದಿಲ್ಲ."

"ಅಂದಿರುತ್ತಾಳೆ. ಬಟ್ಟೆ ಒಗೆಯುವ ಕಲ್ಲು ಅಲ್ಲಿಯೂ ಇದ್ದಿರಬೇಕು."

ಹಿಲ್ಡಮ್ಮನ ಮುಖ ಕೆಂಪಾಯಿತು. ವಾಲ್ಟರ್ ತನ್ನ ಕರ್ತವ್ಯ ಮಾಡಿದ, ತಾನೂ ಅಷ್ಟೇ, ಅದರಲ್ಲಿ ನಾಚಿಕೆಪಡುವಂಥದು ಏನಿದೆ ಎಂದಳು. ಆಮೇಲೆ, ಅದುವರೆಗೆ ಗುರುಗಳಿಗೆ ಯಾರೂ ಅನ್ನದಿದ್ದ ಮಾತೊಂದನ್ನು ಅಂದಳು.

"ಆ ನಿಯಮ ನಾನು ಮಾಡಿದ್ದಲ್ಲ, ಗುರುಗಳೇ. ನೀವು ಮಾಡಿದ್ದು."

"ಹೌದು," ಎಂದರು ಗುರುಗಳು. "ಅದಕ್ಕೇ ನಿನ್ನೆ ಆಚೆ ದಡಕ್ಕೆ ಹೋಗಿದ್ದೆ. ಪುಟ್ಟನಿಂಗಮ್ಮನ ಬಾಗಿಲಲ್ಲಿ ನಿಂತು ಕೂಗಿದೆ. ತೆಗೆಯಲಿಲ್ಲ. ಕಿಟಕಿಯಿಂದ ಇದನ್ನು ಎಸೆದಳು."

ಅವರು ತೊಡೆಯ ಮೇಲಿನ ಕಣ್ಣಿಯನ್ನು ಎತ್ತಿ ಅವಳ ದಾಖಲೆಗಳ ಮೇಲಿಟ್ಟರು. ಹರಿಗೋಲಿನವನು ಕೈಯಾರೆ ಹೊಸೆದದ್ದು. ಕೊರಳು ಉಜ್ಜಿದ ಕಡೆ ನುಣ್ಣಗಾಗಿತ್ತು. ಅದರಲ್ಲಿ ಕೆಲವು ಕೆಂಪು ಕೂದಲು ಸಿಕ್ಕಿಕೊಂಡಿದ್ದವು.

ಹಿಲ್ಡಮ್ಮ ಅದನ್ನು ಮುಟ್ಟಲಿಲ್ಲ.

"ಗುರುಗಳಿಗೇ ತೆಗೆಯದವಳು ನನಗೆ ತೆಗೆಯುತ್ತಾಳೆಯೇ?"

"ತೆಗೆಯುವುದಿಲ್ಲ. ಹರಿಗೋಲು ನಡೆಸುವವನೂ ಇಲ್ಲ, ಸೇತುವೆ ಸುತ್ತಿಕೊಂಡು ನಡೆದೇ ಹೋಗಬೇಕು. ಹೋಗಿ, ಕ್ಷಮೆ ಕೇಳಿ."