ಅರದಲ್ಲಿ ಉಜ್ಜಿದ ಗುರುತು

"ಗುರುಗಳೇ, ಆಗಿಹೋದದ್ದನ್ನು ಮನಸ್ಸಿನಿಂದ ಪೂರ್ತಿ ಅಳಿಸುವುದು ಹೇಗೆ?" ಎಂದು ಅಡಿವೆಪ್ಪ ಕೇಳಿದ.

ಗುರುಗಳು ಮಠದ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದರು. ತಲೆ ಎತ್ತದೆ, "ಪೂರ್ತಿಯೇ ಬೇಕೇ? ಅರ್ಧ ಸಾಲದೆ?" ಎಂದರು.

ಅಡಿವೆಪ್ಪ ಮಠಕ್ಕೆ ಬಂದು ಆರು ವರ್ಷವಾಗಿತ್ತು. ಅಡುಗೆಮನೆಯ ಕೆಲಸವೆಲ್ಲ ಅವನದು. ಇನ್ನು ಹದಿನೈದು ದಿನಕ್ಕೆ ಅವನು ದೀಕ್ಷೆ ತೆಗೆದುಕೊಳ್ಳುವುದೆಂದು ನಿಶ್ಚಯವಾಗಿತ್ತು. ತಮಾಷೆಗೆ ಅವನು ನಗಲಿಲ್ಲ.

"ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಸಾಕಿದವನು ಅಣ್ಣ. ಒಂದು ದಿನ ಸಂತೆಯಲ್ಲಿ, ಎಲ್ಲರೆದುರು ನನ್ನ ಕೆನ್ನೆಗೆ ಹೊಡೆದ. ತಪ್ಪು ನನ್ನದೇ ಇತ್ತು, ಇಲ್ಲವೆನ್ನುವುದಿಲ್ಲ. ಆದರೂ ಆ ಏಟು ನನ್ನನ್ನು ಬಿಟ್ಟಿಲ್ಲ. ಕಣ್ಣು ಮುಚ್ಚಿ ಕೂತರೆ ಮೊದಲು ಅವನ ಕೈ ಬರುತ್ತದೆ, ದೇವರು ಆಮೇಲೆ. ಮೂರು ಸಲ ಅವನು ಈ ಬಾಗಿಲಿಗೆ ಬಂದಿದ್ದ. ನಾನು ಹೊರಗೆ ಹೋಗಲಿಲ್ಲ. ನನಗೊಬ್ಬ ಅಣ್ಣನಿದ್ದ ಎಂಬುದೇ ಮರೆತುಹೋಗಬೇಕು ಗುರುಗಳೇ. ಹಾಗೆ ಚೊಕ್ಕಟವಾಗಿ ದೀಕ್ಷೆಗೆ ಕೂರಬೇಕು ಅಂತ ಆಸೆ."

"ಕೂತುಕೋ. ಲಾರಿಯವನೊಬ್ಬನ ಕತೆ ಹೇಳುತ್ತೇನೆ."

"ಲಾರಿಯವನದೇ?"

"ನೋಡು, ಕತೆಯಲ್ಲಿ ರಥ ಬಂದರೆ ಕೈಮುಗಿದು ಕೇಳುತ್ತೀಯ, ಲಾರಿ ಬಂದರೆ ಮುಖ ಸಿಂಡರಿಸುತ್ತೀಯ. ಎರಡಕ್ಕೂ ಇರುವುದು ಗಾಲಿಯೇ ತಾನೇ? ಸುಮ್ಮನೆ ಕೇಳು. ಕೈ ಖಾಲಿ ಇದ್ದರೆ ಈ ಕಾಯಿ ಸುಲಿ."

ಅಡಿವೆಪ್ಪ ಒಂದು ಹಿಡಿ ಅವರೆಕಾಯಿ ಎಳೆದುಕೊಂಡು ಕೂತ. ಗುರುಗಳು ಹೇಳತೊಡಗಿದರು.

ಕಬ್ಬು ಬೆಳೆಯುವ ಸೀಮೆಯಲ್ಲಿ ಒಬ್ಬ ಲಾರಿಯವನಿದ್ದ. ಇದ್ದದ್ದು ಒಂದೇ ಲಾರಿ, ಅದೂ ಹಳೆಯದು. ಸಕ್ಕರೆ ಕಾರ್ಖಾನೆ ಶುರುವಾದರೆ ಕಬ್ಬು ಹೇರುತ್ತಿದ್ದ, ಮಿಕ್ಕ ತಿಂಗಳಲ್ಲಿ ಇಟ್ಟಿಗೆ, ಹೊಟ್ಟು, ಮದುವೆಮನೆಯ ಪಾತ್ರೆಪಗಡ, ಏನು ಸಿಕ್ಕರೆ ಅದು. ಅದೇ ಊರಿನಲ್ಲಿ ಲಾರಿ ರಿಪೇರಿ ಮಾಡುವ ಒಬ್ಬ ಮೇಸ್ತ್ರಿ ಇದ್ದ. ಲಾರಿಯವನಿಗೆ ಗೇರು ಹಾಕಲು ಕಲಿಸಿದವನು ಅವನೇ. ಲಾರಿಯ ಎಂಜಿನ್ನನ್ನು ಒಮ್ಮೆ ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿಕೊಟ್ಟವನೂ ಅವನೇ. ಕೈ ಬಂಗಾರ, ಬಾಯಿ ಮಾತ್ರ ಕೆಟ್ಟದ್ದು.

ಒಂದು ಬೇಸಿಗೆಯಲ್ಲಿ ಲಾರಿಯವನು ರೇಡಿಯೇಟರಿನ ನೀರು ನೋಡದೆ ಘಾಟಿ ಹತ್ತಿಸಿದ. ಎಂಜಿನ್ ಕುದ್ದುಹೋಯಿತು. ಹೇಗೋ ಎಳೆಸಿಕೊಂಡು ಊರಿಗೆ ಬಂದ. ಮೇಸ್ತ್ರಿ ಚಹದಂಗಡಿಯ ಮುಂದೆ ಕೂತಿದ್ದವನು ಬಾನೆಟ್ ಎತ್ತಿ ನೋಡಿದ. ಹತ್ತು ಜನರಿಗೆ ಕೇಳುವ ಹಾಗೆ, "ನೀನು ಎತ್ತಿನ ಗಾಡಿಗೂ ಲಾಯಕ್ಕಿಲ್ಲ. ಬಾಯಾರಿದರೆ ಎತ್ತು ತಾನೇ ನಿಲ್ಲುತ್ತದೆ, ಅದಕ್ಕೆ ನಿನಗಿಂತ ಬುದ್ಧಿ ಇದೆ" ಅಂದ. ಜನ ನಕ್ಕರು. ಮಾತು ನಿಜವಾಗಿತ್ತು, ಅದಕ್ಕೇ ಸುಟ್ಟಿತು. ಸುಳ್ಳು ಬೈದಿದ್ದರೆ ಲಾರಿಯವನು ತಿರುಗಿ ನಾಲ್ಕು ಬೈದು, ಮನೆಗೆ ಹೋಗಿ ಉಂಡು ಮಲಗುತ್ತಿದ್ದ. ನಿಜಕ್ಕೆ ಏನಂತ ತಿರುಗಿ ಬೈಯುವುದು? ಅಂದಿನಿಂದ ಮೇಸ್ತ್ರಿಯ ಶೆಡ್ಡಿನ ಕಡೆ ಹೆಜ್ಜೆ ಇಡಲಿಲ್ಲ. ಮೇಸ್ತ್ರಿ ಎದುರಿಗೆ ಬಂದರೆ ಬೀದಿಯ ಆ ಬದಿಗೆ ದಾಟಿಕೊಳ್ಳುತ್ತಿದ್ದ. ಹೀಗೆ ನಾಲ್ಕು ವರ್ಷ ಕಳೆಯಿತು.

ನಾಲ್ಕನೆಯ ವರ್ಷ ಎಂಜಿನ್ ಎಣ್ಣೆ ಕುಡಿಯತೊಡಗಿತು. ದಿಬ್ಬ ಹತ್ತಿದರೆ ಹಿಂದೆ ಬರುವವರಿಗೆ ದಾರಿ ಕಾಣದಷ್ಟು ಹೊಗೆ. ಪೂರ್ತಿ ಬಿಚ್ಚಿ ಕಟ್ಟದೆ ಗತಿಯಿರಲಿಲ್ಲ. ಕಾರ್ಖಾನೆ ಶುರುವಾಗಲು ಇಪ್ಪತ್ತು ದಿನ ಉಳಿದಿತ್ತು. ಆ ಕಾರ್ಖಾನೆಯಲ್ಲಿ ಒಂದು ರೂಢಿ ಇತ್ತು. ಶುರುವಿನ ದಿನ ನಡೆಯುವ ಬಾಯ್ಲರ್ ಪೂಜೆಗೆ ಗೇಟಿನ ಮುಂದೆ ಬಂದು ನಿಂತ ಲಾರಿಗಳಿಗೆ ಮಾತ್ರ ನಂಬರು ಕೊಡುತ್ತಿದ್ದರು. ನಂಬರು ಇಲ್ಲದ ಲಾರಿಗೆ ಆ ಹಂಗಾಮಿನಲ್ಲಿ ಒಂದು ಜಲ್ಲೆ ಕಬ್ಬೂ ಸಿಗದು. ಲಾರಿಯವನ ಮನೆ ವರ್ಷಪೂರ್ತಿ ಉಣ್ಣುತ್ತಿದ್ದದ್ದು ಆ ನಂಬರಿನಿಂದಲೇ.

"ಎಂಜಿನ್ನನ್ನು ಮನೆಯಲ್ಲೇ ಬಿಚ್ಚುತ್ತೇನೆ" ಎಂದು ಲಾರಿಯವನು ಹೆಂಡತಿಗೆ ಹೇಳಿದ. ಬಿಚ್ಚುವುದನ್ನು ನೋಡಿದ್ದ, ಬಿಚ್ಚಿರಲಿಲ್ಲ. ನೋಡಿದವರಿಗೆ ಎಲ್ಲ ಸುಲಭವಾಗಿಯೇ ಕಾಣುತ್ತದೆ ಅನ್ನು. ಅಂಗಳದಲ್ಲಿ ಮೂರು ಕಂಬ ನಿಲ್ಲಿಸಿ, ಸರಪಳಿ ರಾಟೆ ಕಟ್ಟಿ, ಎಂಜಿನ್ ಇಳಿಸಿದ. ಹಳೆಯ ಸೀರೆ ಹಾಸಿ ಒಂದೊಂದೇ ಭಾಗ ಬಿಚ್ಚಿಟ್ಟ. ಸೀಮೆಎಣ್ಣೆಯಲ್ಲಿ ತೊಳೆದ. ಮೈಮುರಿದು ಮಾಡಿದ, ಅದರಲ್ಲಿ ಮೋಸವಿಲ್ಲ.

ಎಂಜಿನ್ನಿನ ಹೊಟ್ಟೆಯಲ್ಲಿ ಒಂದು ದಪ್ಪ ಉಕ್ಕಿನ ದಂಡ ಇರುತ್ತದೆ. ಕ್ರ್ಯಾಂಕ್ ಅನ್ನುತ್ತಾರೆ. ಅದು ತಿರುಗಿದರೆ ಲಾರಿಯ ಗಾಲಿ ತಿರುಗಿತು. ಏಳು ಕ್ಯಾಪುಗಳು ಏಳು ಕಡೆ ಅದನ್ನು ಅಪ್ಪಿ ಹಿಡಿದಿರುತ್ತವೆ. ಕ್ಯಾಪು ಅಂದರೆ ಕಮಾನಿನ ಹಾಗೆ ಬಾಗಿದ ಕಬ್ಬಿಣದ ತುಂಡು. ಮೊದಲನೆಯದೂ ಕೊನೆಯದೂ ಬೇರೆ ಆಕಾರ, ನಡುವಿನ ಐದು ಮಾತ್ರ ಅಕ್ಕತಂಗಿಯರ ಹಾಗೆ ಒಂದೇ ತರ. ಮಸಿ ತೊಳೆದ ಮೇಲೆ ಲಾರಿಯವನಿಗೆ ಆ ಕ್ಯಾಪುಗಳ ಬೆನ್ನ ಮೇಲೆ ಉಳಿಯ ಏಟುಗಳು ಕಂಡವು. ಒಂದರ ಮೇಲೆ ಎರಡು, ಇನ್ನೊಂದರ ಮೇಲೆ ನಾಲ್ಕು. ಎಲ್ಲ ಎಡಕ್ಕೆ ವಾಲಿದ್ದವು. ಮೇಸ್ತ್ರಿ ಎಡಗೈಯವನು. ಏಟು ಯಾರದೆಂದು ಕೇಳಬೇಕಾಗಿರಲಿಲ್ಲ.

ಮದುವೆಗೆ ಮುಯ್ಯಿ ಮಾಡುವವರು ಪಾತ್ರೆಯ ಮೇಲೆ ತಮ್ಮ ಹೆಸರು ಕೊರೆಸುತ್ತಾರಲ್ಲ, ಇಂಥವರು ಕೊಟ್ಟದ್ದು ಅಂತ ಆಯುಷ್ಯಪೂರ್ತಿ ನೋಡುತ್ತ ಉಣ್ಣಲಿ ಎಂದು, ಲಾರಿಯವನು ಇದನ್ನೂ ಹಾಗೇ ಎಂದುಕೊಂಡ. ಎಂಜಿನ್ ಕಟ್ಟಿದ್ದು ತಾನು ಎಂದು ಮೇಸ್ತ್ರಿ ಹೆಸರು ಹಾಕಿದ್ದಾನೆ. ನನ್ನ ಎಂಜಿನ್ನಿನ ಹೊಟ್ಟೆಯೊಳಗೆ ಇವನ ಹೆಸರೇ? ಅವನಿಗೆ ಮೈಯೆಲ್ಲ ಉರಿಯಿತು. ಅರ ತಗೊಂಡು ಕೂತ. ಒಂದೊಂದೇ ಕ್ಯಾಪನ್ನು ಕಾಲ ನಡುವೆ ಹಿಡಿದು, ಏಟಿನ ಗುರುತು ಹೋಗುವ ತನಕ ಉಜ್ಜಿದ. ಆಮೇಲೆ ಉಪ್ಪುಕಾಗದದಿಂದ ನಯ ಮಾಡಿದ. ಎಲ್ಲ ಕನ್ನಡಿಯ ಹಾಗೆ ಹೊಳೆದವು. ನಾಲ್ಕು ವರ್ಷದಲ್ಲಿ ಮೊದಲ ಸಲ ಅವನಿಗೆ ಎದೆ ಹಗುರವೆನಿಸಿತು. ಅವತ್ತು ಎರಡು ರೊಟ್ಟಿ ಹೆಚ್ಚು ಉಂಡ.

ಪೇಟೆಗೆ ಹೋಗಿ ಕ್ರ್ಯಾಂಕನ್ನು ಲೇತ್ ಯಂತ್ರದಲ್ಲಿ ಸಾಫು ಮಾಡಿಸಿ ತಂದ. ಹೊಸ ಬೇರಿಂಗು ಹಾಕಿದ. ಕ್ಯಾಪುಗಳನ್ನು ಕೈಗೆ ಸಿಕ್ಕ ಹಾಗೆ ಕೂರಿಸಿ ಬೋಲ್ಟು ಬಿಗಿದ. ಬೋಲ್ಟು ಸಡಿಲ ಇರುವಾಗ ಕ್ರ್ಯಾಂಕ್ ಒಂದು ಕೈಯಲ್ಲಿ ತಿರುಗುತ್ತಿತ್ತು, ಬಿಗಿದರೆ ಅಲ್ಲಾಡದು. ಬಿಚ್ಚಿದ, ಅದಲು ಬದಲು ಮಾಡಿದ, ಮತ್ತೆ ಬಿಗಿದ. ಅಲ್ಲಾಡಲಿಲ್ಲ. ಹೀಗೆ ಐದು ದಿನ. ಐದು ತುಂಡನ್ನು ಎಷ್ಟು ಬಗೆಯಲ್ಲಿ ಕೂರಿಸಬಹುದು ಎಂದು ಲೆಕ್ಕ ಹಾಕುವ ತಾಳ್ಮೆ ಅವನಿಗಿರಲಿಲ್ಲ, ಇದ್ದಿದ್ದರೆ ಎದೆ ಒಡೆಯುತ್ತಿತ್ತು.

ಹೆಂಡತಿ ಐದು ದಿನ ಸುಮ್ಮನಿದ್ದಳು. ಆರನೆಯ ದಿನ, "ಮೇಸ್ತ್ರಿಯನ್ನು ಒಂದು ಮಾತು ಕೇಳಬಾರದೇ?" ಅಂದಳು.

"ಅವನ ಮುಖ ನೋಡುವುದಕ್ಕಿಂತ ಲಾರಿಯನ್ನು ಗುಜರಿಗೆ ಹಾಕುತ್ತೇನೆ."

"ಹಾಕಿ. ಹೇಗೂ ಬಿಡಿಬಿಡಿಯಾಗಿಯೇ ಇದೆ, ಗುಜರಿಯವನಿಗೆ ಬಿಚ್ಚುವ ಕಷ್ಟ ತಪ್ಪಿತು" ಎಂದು ಅವಳು ಒಳಗೆ ಹೋದಳು.

ಲಾರಿಯವನಿಗೆ ರೋಷ ಬಂತು. ಬೋಲ್ಟುಗಳನ್ನು ಜೀವ ಹೋಗುವಷ್ಟು ಬಿಗಿದ. ಸ್ಪ್ಯಾನರಿಗೆ ಒಂದು ಮಾರುದ್ದ ಪೈಪು ಸಿಕ್ಕಿಸಿ, ಕ್ರ್ಯಾಂಕನ್ನು ಬಲವಂತವಾಗಿ ತಿರುಗಿಸಲು ಹೊರಟ. ಒಳಗಿಂದ ಕೀರಲು ಸದ್ದು ಬಂತು. ಇನ್ನೊಂದು ಎಳೆತಕ್ಕೆ ಏನೋ ಒಂದು ಮುರಿಯುತ್ತದೆ ಎಂದು ಕೈಗೇ ತಿಳಿಯಿತು. ಅವನು ಪೈಪು ಕೆಳಗಿಟ್ಟು ಅಂಗಳದಲ್ಲೇ ಕೂತುಬಿಟ್ಟ. ಬಾಯ್ಲರ್ ಪೂಜೆಗೆ ಮೂರೇ ದಿನ. ಅವನಿಗೆ ಹೆದರಿಕೆಯಾಯಿತು. ಹೆಂಡತಿಯ ಮುಖ ನೋಡಲು ನಾಚಿಕೆಯೂ ಆಯಿತು. ಹೆಗಲ ಮೇಲೆ ಟವೆಲ್ ಹಾಕಿಕೊಂಡು ಮೇಸ್ತ್ರಿಯ ಶೆಡ್ಡಿಗೆ ನಡೆದ.

ನಾಲ್ಕು ವರ್ಷದಲ್ಲಿ ಮೇಸ್ತ್ರಿ ತೀರ ಇಳಿದುಹೋಗಿದ್ದ. ಕಣ್ಣಿಗೆ ಪೊರೆ ಬಂದಿತ್ತು. ದನಿಯಿಂದ ಯಾರೆಂದು ತಿಳಿದುಕೊಂಡ. ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಲಾರಿಯವನು ನಿಂತೇ ಎಲ್ಲ ಹೇಳಿದ.

"ಗುರುತು ನೋಡಿ ಕೂರಿಸಿದೆ ತಾನೇ?" ಎಂದು ಮೇಸ್ತ್ರಿ ಕೇಳಿದ.

"ಯಾವ ಗುರುತು?"

"ನಾನು ಉಳಿಯಲ್ಲಿ ಹೊಡೆದದ್ದು. ಎರಡು ಏಟು ಅಂದರೆ ಎರಡನೆಯ ಜಾಗ, ಮೂರು ಅಂದರೆ ಮೂರನೆಯದು. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲವೋ. ಎಂಜಿನ್ ಮಾಡುವವರು ಆಯಾ ಜಾಗದಲ್ಲಿಟ್ಟೇ ಅವುಗಳ ದುಂಡನ್ನು ಕೊರೆದಿರುತ್ತಾರೆ."

ಲಾರಿಯವನು ಹೆಗಲ ಟವೆಲನ್ನು ಕೈಗೆ ತೆಗೆದುಕೊಂಡ. "ಅರದಲ್ಲಿ ಉಜ್ಜಿಬಿಟ್ಟೆ ಮೇಸ್ತ್ರಿ. ನೀವು ನಿಮ್ಮ ಹೆಸರು ಹಾಕಿದ್ದೀರಿ ಅಂದುಕೊಂಡೆ."

"ಹೆಸರು ಬರೆಯಲು ನನಗೆ ಅಕ್ಷರ ಎಲ್ಲಿ ಬರುತ್ತದೆ? ಅಷ್ಟು ವರ್ಷ ಜೊತೆಗಿದ್ದವನು, ಅದೂ ನೆನಪಿಲ್ಲವೇ ನಿನಗೆ?" ಅಂದ ಮೇಸ್ತ್ರಿ. ಆಮೇಲೆ ಎದ್ದು ಚಪ್ಪಲಿ ಹುಡುಕಿದ.

ಅಂಗಳದಲ್ಲಿ ಮೇಸ್ತ್ರಿ ಕ್ರ್ಯಾಂಕನ್ನೂ ಬೇರಿಂಗುಗಳನ್ನೂ ತೆಗೆಸಿದ. ಬರೀ ಕ್ಯಾಪನ್ನು ಒಂದು ಜಾಗದಲ್ಲಿಟ್ಟು ಬೋಲ್ಟು ಬಿಗಿಸಿದ. ಕೈ ಒಳಗೆ ತೂರಿಸಿ, ಕ್ಯಾಪೂ ಎಂಜಿನ್ನಿನ ಒಡಲಾದ ಬ್ಲಾಕೂ ಕೂಡುವ ಗೆರೆಯ ಮೇಲೆ ಉಗುರು ಎಳೆದ. ಉಗುರು ತಡೆಯಿತು. "ಇದಲ್ಲ, ತೆಗಿ" ಅಂದ. ಇನ್ನೊಂದು ಇಡಿಸಿದ. ಉಗುರು ತಡೆಯಿತು. ಮುಂದು ಹಿಂದು ಮಾಡಿಸಿದ. ಕಣ್ಣು ಕಾಣದವನಿಗೆ ಉಗುರೇ ಕಣ್ಣು. ಲಾರಿಯವನು ಬಿಗಿಯುವುದು, ಬಿಚ್ಚುವುದು, ಮತ್ತೆ ಬಿಗಿಯುವುದು. ಎರಡು ದಿನ ಇಬ್ಬರೂ ಬ್ಲಾಕಿನ ಬಳಿಯಿಂದ ಏಳಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಏಳಕ್ಕೆ ಏಳೂ ತಮ್ಮ ಜಾಗ ಸೇರಿದವು. ಎಲ್ಲಿಯೂ ಉಗುರು ತಡೆಯಲಿಲ್ಲ.

ಆಗ ಮೇಸ್ತ್ರಿ ಉಳಿ, ಸುತ್ತಿಗೆ ಎರಡನ್ನೂ ಲಾರಿಯವನ ಕೈಗೆ ಕೊಟ್ಟ. "ನೀನೇ ಹೊಡೆ" ಅಂದ. ಅಷ್ಟು ನಯ ಮಾಡಿದ ಕಬ್ಬಿಣಕ್ಕೆ ಏಟು ಹಾಕಲು ಲಾರಿಯವನ ಕೈ ಏಳಲಿಲ್ಲ. ಮೊದಲ ಏಟು ಮೆಲ್ಲಗೆ ಬಿತ್ತು. ಮೇಸ್ತ್ರಿ ಅದನ್ನು ಬೆರಳಲ್ಲಿ ಸವರಿ ನೋಡಿ, "ಇದು ಕಚಗುಳಿ. ಗಟ್ಟಿಯಾಗಿ ಹೊಡೆ, ನಾಳೆ ಬಿಚ್ಚುವವನಿಗೆ ಕಾಣಬೇಕು" ಅಂದ. ಲಾರಿಯವನು ಏಳರ ಮೇಲೂ ಹೊಡೆದ. ಆಮೇಲೆ ಕ್ರ್ಯಾಂಕ್ ಕೂರಿಸಿ ಬಿಗಿದರು. ಒಂದು ಕೈಯಲ್ಲಿ ತಿರುಗಿತು.

ಚಹದಂಗಡಿಯ ಮಾತನ್ನು ಮೇಸ್ತ್ರಿ ವಾಪಸು ತೆಗೆದುಕೊಳ್ಳಲಿಲ್ಲ. ಲಾರಿಯವನೂ ಕೇಳಲಿಲ್ಲ. ಹೆಂಡತಿ ಇಬ್ಬರಿಗೂ ಉಣಬಡಿಸಿದಳು. ಒಂದೇ ತಟ್ಟೆಯಲ್ಲಿ ಉಂಡರು ಎಂದು ಹೇಳಲು ನನಗೂ ಆಸೆ, ಆದರೆ ಬೇರೆ ಬೇರೆ ತಟ್ಟೆಯಲ್ಲೇ ಉಂಡರು. ಉಳಿದ ಕೆಲಸ ಮುಗಿಸಿ ಲಾರಿಯವನು ಗೇಟು ಮುಟ್ಟುವ ಹೊತ್ತಿಗೆ ಪೂಜೆಯ ಕಾಯಿ ಒಡೆದಾಗಿತ್ತು. ಕೊನೆಯಿಂದ ಎರಡನೆಯ ನಂಬರು ಸಿಕ್ಕಿತು. ಹಂಗಾಮು ಪೂರ್ತಿ ಎಲ್ಲರ ಹಿಂದೆ ಬಿಸಿಲಲ್ಲಿ ಕಾದ. ಆದರೆ ಲಾರಿ ಓಡಿತು, ಮನೆ ಉಂಡಿತು.

ಗುರುಗಳು ಕತೆ ನಿಲ್ಲಿಸಿ, ಸುಲಿದ ಕಾಳನ್ನು ಬುಟ್ಟಿಗೆ ಸುರಿದರು.

ಅಡಿವೆಪ್ಪನಿಗೆ ಸಮಾಧಾನವಾಗಲಿಲ್ಲ. "ಗುರುಗಳೇ, ಮೇಸ್ತ್ರಿಯ ಏಟು ಕೆಲಸಕ್ಕೆ ಬರುವಂಥದ್ದು. ಅಣ್ಣ ಹೊಡೆದದ್ದು ಸಿಟ್ಟಿಗೆ. ಅದನ್ನು ಅಳಿಸಿದರೆ ನನ್ನ ಯಾವ ಲಾರಿ ನಿಂತುಹೋಗುತ್ತದೆ?" ಎಂದ.

"ಅದು ನನಗೂ ಗೊತ್ತಿಲ್ಲ. ಉಜ್ಜುವ ಹೊತ್ತಿಗೆ ಲಾರಿಯವನಿಗೂ ಗೊತ್ತಿರಲಿಲ್ಲ."

"ಮುಂದೆ ಗೊತ್ತಾದರೆ ಆಗ ಹೋಗಿ ಅಣ್ಣನನ್ನು ಕೇಳುತ್ತೇನೆ."

ಗುರುಗಳು ಕೈ ಒರೆಸಿಕೊಂಡು ಅವನ ಮುಖ ನೋಡಿದರು.

"ಲಾರಿಯವನು ಕೇಳಲು ಹೋದ ದಿನ ಮೇಸ್ತ್ರಿ ಇನ್ನೂ ಬದುಕಿದ್ದ. ನಿನ್ನ ಅಣ್ಣನಿಗೆ ಈಗ ವಯಸ್ಸೆಷ್ಟು, ಅಡಿವೆಪ್ಪ?"